ಮೂರನೆಯ ರೀಲು ಎರಡನೆಯದಾದ ದಿನ

ಮ್ಯೂಸಿಯಮ್ಮಿನಿಂದ ಬಂದಿದ್ದ ಹಾಲ್‌ಸ್ಟೆಡ್ ಎಂಬ ಯುವಕ ನಮ್ಮ ಅಡುಗೆಮನೆಯ ಮೇಜಿನ ಮೇಲೆ ದಪ್ಪನೆಯ ಕಡತ ಬಿಚ್ಚಿಟ್ಟು, ‘ನದಿಯ ಮೇಲಿನ ಶಾಲು’ ಚಿತ್ರಕ್ಕೆ ಎರಡು ಮುಕ್ತಾಯಗಳಿದ್ದವು ಎಂದಾಗ ನನಗೆ ಕಾಫಿ ನೆತ್ತಿಗೇರಿತು.

ಅವನು ಗಾಬರಿಯಾಗಿ ಬೆನ್ನು ತಟ್ಟಿದ. ಒಳ್ಳೆಯ ಹುಡುಗ, ಆದರೆ ಕತ್ತಿಗೆ ಬಿಗಿದ ಟೈ ಅವನಿಗೂ ಉಸಿರಾಡಲು ಬಿಡುತ್ತಿರಲಿಲ್ಲ. ಆ ಚಿತ್ರದ ಒಂದು ಪ್ರತಿಯೂ ಈಗ ಭೂಮಿಯ ಮೇಲೆ ಉಳಿದಿಲ್ಲವಂತೆ. ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಎಲ್ಲ ಹೋಯಿತಂತೆ. ಅದಕ್ಕೇ ಅವನು ಊರೂರಿನ ಮುದುಕರಿಗೆಲ್ಲ ಕಾಗದ ಬರೆದು, ‘ನಿಮಗೇನು ನೆನಪಿದೆ’ ಎಂದು ಕೇಳಿದ್ದಾನೆ. ಪೂರ್ವದ ಊರುಗಳವರೆಲ್ಲ ನಾಯಕಿ ನದಿಯಲ್ಲಿ ಮುಳುಗಿ ಸತ್ತಳು ಎಂದು ಬರೆದಿದ್ದಾರೆ. ನಮ್ಮ ಟ್ಯಾನರ್ಸ್ ಫೋರ್ಡಿನವರೂ ಇಲ್ಲಿಂದ ಪಶ್ಚಿಮಕ್ಕಿರುವ ಏಳು ಊರಿನವರೂ ಆಣೆ ಮಾಡಿ, ಇಲ್ಲ, ಅವಳು ಬದುಕಿದಳು, ಅಪ್ಪನನ್ನು ತಬ್ಬಿಕೊಂಡಳು ಎಂದಿದ್ದಾರೆ.

“ಕಂಪನಿಯವರು ಪಟ್ಟಣದ ಜನಕ್ಕೆ ದುಃಖದ ಮುಕ್ತಾಯ, ಹಳ್ಳಿ ಕಡೆಯವರಿಗೆ ಸುಖದ ಮುಕ್ತಾಯ ಅಂತ ಬೇರೆ ಬೇರೆ ತೆಗೆದಿದ್ರು ಸಾರ್. ಇದರ ಬಗ್ಗೆ ಆಗ್ಲೇ ನಲವತ್ತು ಪುಟ ಬರೆದಿದೀನಿ,” ಎಂದ ಹಾಲ್‌ಸ್ಟೆಡ್.

ಪಾಪ, ನಲವತ್ತು ಪುಟ! ಅದೂ ಟೈಪು ಮಾಡಿದ್ದು! ಒಲೆಯ ಹತ್ತಿರ ನಿಂತಿದ್ದ ನನ್ನ ಹೆಂಡತಿ ಅಡೇಲಾ ಸೆರಗಿಲ್ಲದ ಕಾರಣ ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

“ಹೇಳಿಬಿಡು ಆರಿನ್. ನಲವತ್ತೈದು ವರ್ಷ ಬಚ್ಚಿಟ್ಟಿದ್ದು ಸಾಕು. ಪಾಪ, ಈ ಹುಡುಗ ಇನ್ನೂ ನಲವತ್ತು ಪುಟ ಬರೆದುಬಿಟ್ಟಾನು,” ಎಂದಳು.

ಹೇಳಿದೆ. ಎರಡನೆಯ ಮುಕ್ತಾಯವನ್ನು ಮಾಡಿದ್ದು ಕಂಪನಿಯಲ್ಲ, ನಾನು. ಒಂದು ಕತ್ತರಿ, ಒಂದು ಬಾಟಲಿ ಅಂಟು, ಅಷ್ಟೇ ಬಂಡವಾಳ.

ಅದು 1913ರ ಮಾರ್ಚ್ ತಿಂಗಳು. ನಮ್ಮೂರಿನ ಹಳೆಯ ಮೇವಿನ ಗೋದಾಮನ್ನು ಮಿಸೆಸ್ ಕ್ವಿಗ್ಲಿ ಎಂಬ ವಿಧವೆ ಚಿತ್ರಮಂದಿರ ಮಾಡಿದ್ದರು. ಮಳೆ ಬಂದ ದಿನ ಒಳಗೆ ಹುಲ್ಲಿನ ವಾಸನೆ ಏಳುತ್ತಿತ್ತು. ನಾನು ಅಲ್ಲಿ ಆಪರೇಟರ್. ಏಣಿ ಹತ್ತಿ ಹೋದರೆ ಸುತ್ತಲೂ ತಗಡು ಹೊಡೆದ ಒಂದು ಗೂಡು. ಅದರೊಳಗೆ ನಾನು ಮತ್ತು ಕೈಯಿಂದ ತಿರುಗಿಸುವ ಒಂದೇ ಒಂದು ಯಂತ್ರ. ಕೆಳಗೆ ಪರದೆಯ ಪಕ್ಕ ಪಿಯಾನೋ ನುಡಿಸುವವಳು ಅಡೇಲಾ ಫಾಸ್. ಆಗಿನ್ನೂ ಅವಳು ನನ್ನ ಹೆಂಡತಿಯಲ್ಲ. ಆಗಲಿ ಎಂಬ ಆಸೆ ನನಗಿತ್ತು, ಅದು ಅವಳಿಗೂ ಗೊತ್ತಿತ್ತು, ಆದರೆ ಗೊತ್ತಿಲ್ಲದವಳ ಹಾಗೆ ಇದ್ದಳು.

ಅವಳಪ್ಪ ಆಗಸ್ಟ್ ಫಾಸ್ ಯಜಮಾನರು ಕುದುರೆಯ ಜೀನು, ಲಗಾಮು ಹೊಲಿಯುವವರು. ಅವರ ಹೊಲಿಗೆ ಹರಿಯುವುದಿಲ್ಲ ಎಂದು ಮೂರು ತಾಲ್ಲೂಕಿಗೆ ಹೆಸರು. ಅವರ ಹಟವೂ ಹಾಗೆಯೇ. ಹಿರಿಯ ಮಗಳು ಲೇನಾ ಎರಡು ವರ್ಷದ ಹಿಂದೆ ಹೋಮರ್ ಎಂಬ ನಾಟಕದವನನ್ನು ಮದುವೆಯಾಗಿ ಹೊರಟುಹೋದ ದಿನದಿಂದ ಯಜಮಾನರು ಅವಳ ಹೆಸರೆತ್ತಿರಲಿಲ್ಲ. ಊಟದ ಮೇಜಿನಿಂದ ಅವಳ ಕುರ್ಚಿಯನ್ನು ತೆಗೆದು ಅಂಗಡಿಗೆ ಹಾಕಿಕೊಂಡು, ಅದರ ಮೇಲೆ ಚರ್ಮದ ತುಂಡು ಪೇರಿಸಿದ್ದರು. ತೀರಾ ಹೇಳಲೇಬೇಕಾದರೆ ‘ಆಕೆ’ ಅನ್ನುತ್ತಿದ್ದರು, ಯಾರೋ ಬೀದಿಯಲ್ಲಿ ಹೋಗುವವರನ್ನು ಅಂದ ಹಾಗೆ.

ಲೇನಾ, ಹೋಮರ್ ಇಬ್ಬರೂ ನ್ಯೂಯಾರ್ಕಿನ ಪಕ್ಕದ ಫೋರ್ಟ್ ಲೀಯಲ್ಲಿದ್ದರು. ಆಗ ಸಿನಿಮಾ ತೆಗೆಯುವವರೆಲ್ಲ ಇದ್ದದ್ದು ಅಲ್ಲೇ. ಅವನು ಹಿನ್ನೆಲೆಯ ಪರದೆಗಳಿಗೆ ಬಣ್ಣ ಬಳಿಯುತ್ತಿದ್ದ. ಗುಂಪಿಗೆ ಜನ ಬೇಕಾದಾಗ ಇವಳು ಹೋಗಿ ನಿಲ್ಲುತ್ತಿದ್ದಳು. ಆ ಫೆಬ್ರವರಿಯಲ್ಲಿ ಅವಳು ತಂಗಿಗೆ ಕಾಗದ ಬರೆದಳು: ಮೇ ತಿಂಗಳಲ್ಲಿ ಹೆರಿಗೆ, ಮೊದಲನೆಯದು, ಭಯವಾಗುತ್ತದೆ, ಮನೆಗೆ ಬರಬಹುದೇ ಎಂದು ಅಪ್ಪನನ್ನು ಕೇಳು. ಅಡೇಲಾ ಕೇಳಿದಳು. ಯಜಮಾನರು ದಾರಕ್ಕೆ ಮೇಣ ಹಚ್ಚುತ್ತಲೇ ಕೂತರು.

ಅಷ್ಟರಲ್ಲಿ ‘ನದಿಯ ಮೇಲಿನ ಶಾಲು’ ನಮ್ಮೂರಿಗೆ ಬರುವುದೆಂದಾಯಿತು. ಮೂರು ರೀಲಿನ ಚಿತ್ರ. ಮೊದಲ ರೀಲಿನಲ್ಲಿ ದೋಣಿಯವನೊಬ್ಬ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಎರಡನೆಯದರಲ್ಲಿ ಪಶ್ಚಾತ್ತಾಪಪಟ್ಟು ಪಟ್ಟಣಕ್ಕೆ ಹುಡುಕಿಕೊಂಡು ಹೋಗಿ ಅವಳನ್ನು ತಬ್ಬಿಕೊಳ್ಳುತ್ತಾನೆ. ಮೂರನೆಯದರಲ್ಲಿ ಮಗಳು ಮನೆಗೆ ಹಿಂತಿರುಗುವಾಗ ಹೆಪ್ಪುಗಟ್ಟಿದ ನದಿ ಬಿರಿದು ಮುಳುಗುತ್ತಾಳೆ. ಅವಳ ಶಾಲು ಮಾತ್ರ ಅಪ್ಪನ ಕೈಗೆ ಸಿಗುತ್ತದೆ. ಎರಡನೆಯ ರೀಲಿನ ಪಟ್ಟಣದ ಬೀದಿಯಲ್ಲಿ ಬುಟ್ಟಿ ಹಿಡಿದು ನಿಂತವಳು ನಾನೇ ಎಂದು ಲೇನಾ ಬರೆದಿದ್ದಳು.

ಶನಿವಾರ ಮಧ್ಯಾಹ್ನದ ಆಟಕ್ಕೆ ಮುಂಚೆ ಅಡೇಲಾ ಏಣಿ ಹತ್ತಿ ನನ್ನ ಗೂಡಿನ ಬಾಗಿಲಿಗೆ ಬಂದಳು. ನೀಲಿ ಕಾಲರಿನ ಅಂಗಿ ಹಾಕಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದ ಅನಾಹುತಕ್ಕೆಲ್ಲ ಆ ಕಾಲರೇ ಕಾರಣ.

“ಅಪ್ಪ ಬರ್ತಿದಾರೆ,” ಎಂದಳು.

“ನಿಮ್ಮಪ್ಪನಾ? ಸಿನಿಮಾಕ್ಕಾ? ಇದು ದೆವ್ವದ ಕೊಟ್ಟಿಗೆ ಅಂತಿದ್ರಲ್ಲ?”

“ಆ ಚಿತ್ರದಲ್ಲಿ ಕುದುರೆಗಳಿವೆಯಂತೆ, ಪಟ್ಟಣದವರು ಲಗಾಮು ಹೆಂಗೆ ಹಾಕ್ತಾರೆ ನೋಡಿ ಬರ್ತೀನಿ ಅಂದ್ರು. ಲೇನಾ ಇದಾಳೆ ಅಂತ ನಾನು ಹೇಳಿದ್ದು ಕಿವಿಗೇ ಬೀಳದವರ ಥರ ಇದ್ರು. ಆಮೇಲೆ ‘ಆಕೆ ಬಂದು ಹೋದ ತಕ್ಷಣ ನಾನು ಎದ್ದು ಹೊರಡೋದೇ, ಒಂದು ನಿಮಿಷ ಜಾಸ್ತಿ ಕೂರಲ್ಲ’ ಅಂದ್ರು. ಕೇಳು ಆರಿನ್, ಅವರು ಏಳಬಾರದು. ಮೂರನೇ ರೀಲು ನೋಡಲೇಬೇಕು. ಆ ಹುಡುಗಿ ಸಾಯೋದನ್ನ ನೋಡಿದ್ರೆ ಎದೆ ನಡುಗಿ ‘ಬರಲಿ’ ಅಂತಾರೆ. ಎರಡನೇದು ಮುಗಿದ ಮೇಲೆ ಬೇಗ ಮೂರನೇದು ಹಾಕು. ಮಧ್ಯೆ ಬಿಡುವು ಕೊಡಬೇಡ.”

“ಆಗಲಿ,” ಎಂದೆ. ಕಾಲರಿನ ಅಂಚಿನಲ್ಲಿ ಬಿಳಿ ದಾರದ ಕಸೂತಿ ಇತ್ತು.

ಈಗ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಡಬ್ಬಿಗಳ ಮೇಲೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿರುತ್ತಿದ್ದರು. ಅವತ್ತು ಹಿಮ ಕರಗುವ ಕಾಲ. ರೈಲಿನಿಂದ ತೆರೆದ ಗಾಡಿಯಲ್ಲಿ ಬಂದ ಡಬ್ಬಿಗಳು ನೆನೆದು, ಎರಡು ಚೀಟಿಗಳು ಉದುರಿಹೋಗಿದ್ದವು. ರೀಲಿನ ತುದಿಯಲ್ಲಿ ‘ಭಾಗ ಎರಡು’ ಎಂದು ಅಕ್ಷರ ಇರಬೇಕಿತ್ತು ನಿಜ, ಆದರೆ ಇಪ್ಪತ್ತು ಊರಿನ ಆಪರೇಟರುಗಳು ಹರಿದ ತುದಿಯನ್ನು ಕತ್ತರಿಸಿ ಕತ್ತರಿಸಿ ಅದು ಎಲ್ಲೋ ಹೋಗಿತ್ತು. ಅಂಥ ಹೊತ್ತಿನಲ್ಲಿ ಆಪರೇಟರ್ ಆದವನು ಎರಡು ಮಾರು ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ನಾನು ಯಾವಾಗಲೂ ನೋಡುತ್ತಿದ್ದೆ. ಅವತ್ತು ನೋಡಿದ್ದು ಕಾಲರನ್ನು.

ಯಜಮಾನರು ಚರ್ಮದ ಏಪ್ರನ್ನಿನಲ್ಲೇ ಬಂದರು, ಕೆಲಸದ ಮೇಲೆ ಬಂದಿದ್ದೇನೆ ಎಂದು ಎಲ್ಲರಿಗೂ ಗೊತ್ತಾಗಲಿ ಎಂದು. ಮೂರನೆಯ ಸಾಲಿನ ಕೊನೆಯಲ್ಲಿ, ಓಡಿಹೋಗಲು ಅನುಕೂಲವಾದ ಜಾಗದಲ್ಲಿ ಕೂತರು. ಮೊದಲ ರೀಲಿನ ಅಪ್ಪ ಮಗಳಿಗೆ ಬಾಗಿಲು ತೋರಿಸಿದಾಗ ಊರಿನ ಹೆಂಗಸರೆಲ್ಲ ‘ಥೂ’ ಎಂದರು. ಅವರಲ್ಲಿ ಅರ್ಧ ಜನ ಪರದೆ ನೋಡಿ ಅಂದರು, ಇನ್ನರ್ಧ ಜನ ಮೂರನೆಯ ಸಾಲು ನೋಡಿ ಅಂದರು. ಯಜಮಾನರು ಮಾತ್ರ ಜೋರಾಗಿ, “ಆ ಕುದುರೆ ಕೊರಳಪಟ್ಟಿ ತಲೆಕೆಳಗಾಗಿದೆ!” ಎಂದರು.

ರೀಲು ಬದಲಿಸುವಷ್ಟು ಹೊತ್ತು ‘ಹೆಂಗಸರು ದಯವಿಟ್ಟು ಟೋಪಿ ತೆಗೆಯಿರಿ’ ಎಂಬ ಗಾಜಿನ ಚಿತ್ರ ತೋರಿಸಿದೆ. ಮುಂದಿನ ರೀಲು ಸಿಕ್ಕಿಸಿ ಹಿಡಿಕೆ ತಿರುಗಿಸಿದೆ. ಬೀದಿ ಬರಲಿಲ್ಲ, ಹಿಮ ಬಂತು. ಹುಡುಗಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆಯುತ್ತಿದ್ದಳು.

ನಾನು ಸಿಕ್ಕಿಸಿದ್ದು ಮೂರನೆಯ ರೀಲು. ನಿಲ್ಲಿಸುವ ಹಾಗಿಲ್ಲ, ಆ ಕಾಲದ ಫಿಲ್ಮು ದೀಪದ ಮುಂದೆ ನಾಲ್ಕು ಕ್ಷಣ ನಿಂತರೆ ಬೆಂಕಿ ಹತ್ತಿಕೊಂಡು ಗೋದಾಮನ್ನೇ ನುಂಗುತ್ತದೆ. ತಿರುಗಿಸುತ್ತಲೇ ಹೋದೆ. ಕೆಳಗಿನಿಂದ ಅಡೇಲಾ ತಲೆಯೆತ್ತಿ ನೋಡಿದ ನೋಟ ತಗಡನ್ನು ತೂರಿ ಬಂತು. ಆದರೂ ಅವಳ ಬೆರಳುಗಳು ತಪ್ಪಲಿಲ್ಲ. ಮಂಜುಗಡ್ಡೆ ಬಿರಿಯಿತು, ಹುಡುಗಿ ಮುಳುಗಿದಳು, ಪಿಯಾನೋದ ಎಡಗಡೆಯ ದಪ್ಪ ಸ್ವರಗಳು ಗುಡುಗಿದವು. ಅಪ್ಪ ಒದ್ದೆ ಶಾಲನ್ನು ಮಡಿಲಲ್ಲಿಟ್ಟುಕೊಂಡು, ಅವಳು ಕೂರುತ್ತಿದ್ದ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತ.

ಆ ಕುರ್ಚಿ ಕಂಡಾಗ ಗೋದಾಮಿನವರೆಲ್ಲ ಮೂರನೆಯ ಸಾಲಿನತ್ತ ತಿರುಗಿದರು. ಮೇಲಿನಿಂದ ನನಗೆ ಕಂಡಿದ್ದು ಯಜಮಾನರ ಬೋಳು ನೆತ್ತಿ ಮಾತ್ರ. ಅದು ನಿಧಾನವಾಗಿ ಕೆಳಗೆ ಬಾಗಿತು.

‘ಮುಗಿಯಿತು’ ಎಂಬ ಅಕ್ಷರ ಪರದೆಯ ಮೇಲೆ ಬಂತು. ಜನ ಮೂಗು ಒರೆಸಿಕೊಂಡು ಟೋಪಿ ಹುಡುಕತೊಡಗಿದರು. ಆಗ ಯಜಮಾನರು ಎದ್ದು ನಿಂತರು.

“ಮುಗೀತಾ? ಏನು ಮುಗೀತು? ಎಲ್ಲಿ ನನ್ನ ಮಗಳು? ತೋರಿಸ್ತೀವಿ ಅಂತ ಕರೆಸಿ ಏನಯ್ಯಾ ಇದು ಮೋಸ! ನನ್ನ ಮಗಳನ್ನ ತೋರಿಸಿ!”

ಎರಡು ವರ್ಷದಲ್ಲಿ ಆ ಬಾಯಿಂದ ‘ನನ್ನ ಮಗಳು’ ಎಂಬ ಮಾತು ಬಂದದ್ದು ಅದೇ ಮೊದಲು. ಇಡೀ ಊರು ಕೇಳಿತು. ಅಡೇಲಾಳ ಎರಡೂ ಕೈ ಪಿಯಾನೋ ಮೇಲೆ ಹಾಗೇ ನಿಂತುಬಿಟ್ಟವು. ಅವಳಿಗೆ ಅಳು ಬಂದಿತ್ತು, ನನಗೂ ಬಂದಿತ್ತು, ನಾಚಿಕೆಯೇನಿಲ್ಲ ಹೇಳಲು.

ಮಿಸೆಸ್ ಕ್ವಿಗ್ಲಿ ಪರದೆಯ ಮುಂದೆ ಬಂದು ಕೈ ತಟ್ಟಿದರು. ಆ ಹೆಂಗಸು ಭೂಕಂಪವಾದರೂ ಆಟ ನಿಲ್ಲಿಸುವವರಲ್ಲ. “ಕೂತ್ಕೊಳ್ಳಿ, ಕೂತ್ಕೊಳ್ಳಿ! ಇನ್ನೂ ಇದೆ! ಈ ಕಂಪನಿಯವರು ಮುಗೀತು ಅಂತ ಸುಮ್ನೆ ಹೆದರಿಸ್ತಾರೆ ಅಷ್ಟೇ. ಆರಿನ್, ಹಾಕೋ ಮಹರಾಯ!”

ಹಾಕಿದೆ. ದೋಣಿಯವನು ಕೋಟು ತೊಟ್ಟು ಪಟ್ಟಣಕ್ಕೆ ಹೊರಟ. ಜನ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಆಮೇಲೆ ರೊಟ್ಟಿ ಅಂಗಡಿಯ ಹೆಂಗಸು, “ಬದುಕಿದಾಳೆ ಕಣ್ರೇ! ಯಾರೋ ದಡಕ್ಕೆ ಎಳೆದುಹಾಕಿರ್ತಾರೆ. ಅದಕ್ಕೇ ಹುಡುಕಿಕೊಂಡು ಹೊರಟಿದಾನೆ!” ಎಂದಳು. ಅಲ್ಲಿಗೆ ಕಥೆ ಸರಿಹೋಯಿತು. ನಾನು ಕೆಡಿಸಿದ್ದನ್ನು ಊರಿನವರು ಅರ್ಧ ನಿಮಿಷದಲ್ಲಿ ರಿಪೇರಿ ಮಾಡಿಕೊಂಡರು.

ಬೀದಿ ಬಂತು. ಗಾಡಿ, ಕುದುರೆ, ಜನ. ದೋಣಿಯವನು ಎಲ್ಲರಿಗೂ ಮಗಳ ಪಟ ತೋರಿಸುತ್ತಾ ಬಂದ. ಎಡಗಡೆಯಿಂದ ಬುಟ್ಟಿ ಹಿಡಿದ ಒಬ್ಬಳು ನಡೆದು ಬಂದಳು. ಬಲ ಮೊಣಕೈಯನ್ನು ಹೊರಕ್ಕೆ ಚಾಚಿ ನಡೆಯುವ ಆ ನಡಿಗೆ ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಹಿಡಿಕೆಯನ್ನು ನಿಧಾನ ಮಾಡಿದೆ, ಬೆಂಕಿ ಹತ್ತದಷ್ಟು, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. ಪರದೆಯ ಮೇಲೆ ಲೇನಾ ನಿಧಾನವಾದಳು. ಅಡೇಲಾ ಅರ್ಥಮಾಡಿಕೊಂಡು ಪಿಯಾನೋವನ್ನೂ ನಿಧಾನ ಮಾಡಿದಳು. ದೋಣಿಯವನು ಅವಳಿಗೂ ಪಟ ತೋರಿಸಿದ. ಲೇನಾ ಹೌದೆಂದು ತಲೆಯಾಡಿಸಿ, ಬೀದಿಯ ಕೊನೆಯ ಮನೆಯತ್ತ ಬೆರಳು ತೋರಿಸಿದಳು.

“ಅಲ್ಲೇ ಇದಾಳಲ್ಲೋ ನಿನ್ನೆದುರಿಗೇ!” ಎಂದು ಯಜಮಾನರು ಪರದೆಗೆ ಕೂಗಿದರು. “ಲೇನಾ! ಏ ಕುರುಡಾ, ನನ್ನ ಲೇನಾ ಕಣೋ ಅದು!”

ಕೆಲವರು ನಕ್ಕರು, ಪಕ್ಕದವರು ತಿವಿದು ಸುಮ್ಮನಾಗಿಸಿದರು. ಲೇನಾ ದಾಟಿ ಹೋದಳು. ಯಜಮಾನರು ಎದ್ದು ಹೊರಡಲಿಲ್ಲ. ದೋಣಿಯವನು ಮಗಳ ಕೋಣೆಯ ಬಾಗಿಲು ತಟ್ಟಿ, ಅವಳು ಅದೇ ಶಾಲು ಹೊದ್ದು ಬಾಗಿಲು ತೆರೆದು, ಇಬ್ಬರೂ ತಬ್ಬಿಕೊಳ್ಳುವ ತನಕ ಕೂತೇ ಇದ್ದರು. ಶಾಲು ಅವಳ ಹತ್ತಿರ ಹೇಗೆ ಬಂತು ಎಂದು ಯಾರೋ ಕೇಳಿದ್ದಕ್ಕೆ, “ಅಪ್ಪ ತಂದುಕೊಟ್ಟ, ಮತ್ತೆ ಇನ್ಯಾರು?” ಎಂದು ಅವರೇ ಗದರಿದರಂತೆ.

ಆಟ ಮುಗಿದ ಮೇಲೆ ಏಣಿ ಕಿರುಗುಟ್ಟಿತು. ಬೈಯಲು ಅಡೇಲಾ ಬರುತ್ತಿದ್ದಾಳೆ ಎಂದು ಮುದುಡಿ ಕೂತಿದ್ದೆ. ಬಂದದ್ದು ಯಜಮಾನರು, ಹಿಂದಿನಿಂದ ಅಡೇಲಾ.

“ಏನಯ್ಯಾ, ಆ ಬುಟ್ಟಿ ಹುಡುಗಿ ಬರೋ ಜಾಗ ಇನ್ನೊಂದ್ಸಲ ತೋರ್ಸು. ನಿಲ್ಸಿ ತೋರ್ಸು.”

“ನಿಲ್ಸಕ್ಕಾಗಲ್ಲ ಯಜಮಾನ್ರೇ, ಸುಟ್ಟುಹೋಗುತ್ತೆ.”

“ಮತ್ತೆ ಏನು ಮಾಡಕ್ಕಾಗುತ್ತೆ?”

ಕಂಪನಿಯ ಫಿಲ್ಮಿಗೆ ಕತ್ತರಿ ಹಾಕುವುದು ತಪ್ಪು. ಆದರೆ ಅವತ್ತು ತಪ್ಪು ಮಾಡಲು ನನ್ನ ಕೈ ಚೆನ್ನಾಗಿ ಪಳಗಿತ್ತು. ಲೇನಾ ಬೆರಳು ತೋರಿಸುವ ಜಾಗದಲ್ಲಿ ಆರು ಚಿತ್ರಗಳ ಒಂದು ತುಂಡು ಕತ್ತರಿಸಿ ಅವರ ಅಂಗೈಯಲ್ಲಿಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವರ ಹಾಗೆ ನೋಡಿದರು.

“ಸಣ್ಣಗಾಗಿದಾಳೆ,” ಎಂದರು. ಇನ್ನೂ ಹತ್ತಿರ ಹಿಡಿದು, “ಬುಟ್ಟೀಲಿ ಏನಿರಬಹುದು?” ಎಂದರು. ತುಂಡನ್ನು ಜೇಬಿಗಿಳಿಸಿದರು. “ನ್ಯೂಯಾರ್ಕ್ ರೈಲು ಎಷ್ಟೊತ್ತಿಗೆ?”

“ಐದೂ ನಲವತ್ತಕ್ಕೆ ಅಪ್ಪ,” ಎಂದಳು ಅಡೇಲಾ.

ಅವರು ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟು ಇಳಿದು ಹೋದರು. ಆಮೇಲೆ ಅಡೇಲಾ ನನ್ನ ಕಡೆ ತಿರುಗಿದಳು. “ಎಂಥ ಕತ್ತೆ ಕೆಲಸ ಮಾಡಿದೆ ನೀನು!” ಎಂದಳು. “ಸರಿಯಾಗಿ ಹಾಕಿದ್ದಿದ್ರೆ ಲೇನಾ ಬಂದ ತಕ್ಷಣ ಎದ್ದು ಹೋಗಿಬಿಡ್ತಿದ್ರು.” ಹೀಗೆಂದು ನನ್ನ ಹಣೆಗೆ ಮುತ್ತಿಟ್ಟಳು. ಬೈಗುಳವೋ ಹೊಗಳಿಕೆಯೋ ಎಂದು ನಾನು ಇವತ್ತಿಗೂ ಕೇಳಿಲ್ಲ.

ಸಂಜೆಯ ಆಟಕ್ಕೆ ರೀಲುಗಳನ್ನು ಸರಿ ಮಾಡುತ್ತೇನೆ ಎಂದೆ. “ಸರಿ ಮಾಡಿದ್ರೆ ಜನ ಕುರ್ಚಿ ಮುರೀತಾರೆ. ಹುಡುಗಿ ಬದುಕಿದ್ಲು ಅಂತ ಇಷ್ಟೊತ್ತಿಗೆ ಊರಿಗೆಲ್ಲ ಗೊತ್ತು,” ಎಂದರು ಮಿಸೆಸ್ ಕ್ವಿಗ್ಲಿ. ಹಾಗಾಗಿ ‘ಮುಗಿಯಿತು’ ಎಂಬ ತುಂಡನ್ನು ಕತ್ತರಿಸಿ, ಅಪ್ಪ ಮಗಳು ತಬ್ಬಿಕೊಂಡಲ್ಲಿಗೆ ಅಂಟಿಸಿದೆ. ಡಬ್ಬಿಗಳಿಗೆ ನನ್ನ ಲೆಕ್ಕದಂತೆ ಹೊಸ ಚೀಟಿ ಬರೆದು ಸೋಮವಾರ ಮುಂದಿನ ಊರಿಗೆ ಕಳಿಸಿದೆ. ಆಮೇಲೆ ಆ ಪ್ರತಿ ಏಳು ಊರು ಸುತ್ತಿತು. ಏಳು ಊರಿನಲ್ಲೂ ಆ ಹುಡುಗಿ ಸಾಯಲಿಲ್ಲ.

ಯಜಮಾನರು ಎಂಟು ದಿನ ಬರಲೇ ಇಲ್ಲ. ಒಂದು ಕಾರ್ಡು ಬಂತು: ‘ಇಲ್ಲಿನ ಕುದುರೆ ಸಾಮಾನೆಲ್ಲ ತಿರುಗುಮುರುಗು. ಸರಿಮಾಡಿ ಬರುತ್ತೇನೆ. ಅಂಗಡಿಯಲ್ಲಿರುವ ಕುರ್ಚಿ ಒರೆಸಿ ಒಳಗಿಡು.’ ಒಂಬತ್ತನೆಯ ದಿನ ಲೇನಾ, ಹೋಮರ್, ಯಜಮಾನರು ಮೂವರೂ ರೈಲಿಳಿದರು. ಯಜಮಾನರು ಅಳಿಯನೊಂದಿಗೆ ಮಾತಾಡುತ್ತಿರಲಿಲ್ಲ, ಬೈಯುತ್ತಿದ್ದರು. ಆದರೆ ಅವನ ಪೆಟ್ಟಿಗೆಯನ್ನು ತಾವೇ ಹೊತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದೆ. ಹಾಲ್‌ಸ್ಟೆಡ್ ಪೆನ್ನು ಕೆಳಗಿಟ್ಟು ಬಹಳ ಹೊತ್ತಾಗಿತ್ತು. “ಹಾಗಾದ್ರೆ ಆ ಆರು ಚಿತ್ರ...” ಎಂದು ತೊದಲಿದ. “ಅವು ಎಲ್ಲಿಗೆ ಹೋದವು?”

ಅಡೇಲಾ ಹಿತ್ತಿಲ ಬಾಗಿಲಿಗೆ ಹೋಗಿ ಅಕ್ಕನನ್ನು ಕೂಗಿದಳು. ಬೇಲಿಯಾಚೆಯಿಂದ ಲೇನಾ ಬಂದಳು. ಎಪ್ಪತ್ತು ದಾಟಿದೆ, ಕೈಯಲ್ಲಿ ಸೇಬಿನ ಪೈ, ಬಲ ಮೊಣಕೈ ಈಗಲೂ ಹೊರಕ್ಕೇ. ಕುತ್ತಿಗೆಯ ದಾರದಿಂದ ಒಂದು ಚಿಕ್ಕ ಚರ್ಮದ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಯಜಮಾನರ ಹೊಲಿಗೆ; ಒಂದು ಎಳೆಯೂ ಬಿಚ್ಚಿರಲಿಲ್ಲ. ಅವರು ತೀರಿಹೋಗುವ ದಿನದವರೆಗೂ ಅದು ಅವರ ಜೇಬಿನಲ್ಲಿತ್ತು.

ಹಾಲ್‌ಸ್ಟೆಡ್ ಎರಡು ಬೆರಳಿನಲ್ಲಿ ಆ ತುಂಡನ್ನು ಕಿಟಕಿಗೆ ಹಿಡಿದ. ಅಂಚು ಸುಕ್ಕಾಗಿತ್ತು, ಬಣ್ಣ ಕಂದಿತ್ತು, ಆದರೆ ಬುಟ್ಟಿ ಹಿಡಿದ ಹುಡುಗಿ ಬೆರಳು ಚಾಚಿಕೊಂಡು ಅಲ್ಲೇ ಇದ್ದಳು. ಅವನು ಅದನ್ನು ನೋಡಿದ, ಲೇನಾಳನ್ನು ನೋಡಿದ, ಮತ್ತೆ ಅದನ್ನು ನೋಡಿದ.

“ಇಡೀ ಚಿತ್ರದಲ್ಲಿ ಉಳಿದಿರೋದು ಇಷ್ಟೇ ಅಮ್ಮಾ,” ಎಂದ. ಅವನ ಕಣ್ಣು ತುಂಬಿತ್ತು. “ಒಂದು ಕೇಳ್ಲಾ? ಬುಟ್ಟೀಲಿ ಏನಿತ್ತು?”

ಲೇನಾ ಜೋರಾಗಿ ನಕ್ಕಳು. “ನಿಂದೂ ಅದೇ ಪ್ರಶ್ನೆನಾ? ಫೋರ್ಟ್ ಲೀಯಲ್ಲಿ ನಾನು ಬಾಗಿಲು ತೆಗೆದಾಗ ಅಪ್ಪ ಕೇಳಿದ ಮೊದಲನೇ ಮಾತು ಅದೇ ಕಣಪ್ಪ. ಹೇಗಿದೀಯ ಇಲ್ಲ, ತಪ್ಪಾಯ್ತು ಇಲ್ಲ. ‘ಬುಟ್ಟೀಲಿ ಏನಿತ್ತು?’ ಅದು ಖಾಲಿ ಇತ್ತು. ಹಾಗಂದ್ರೆ ನನ್ನ ಮಗಳು ಉಪವಾಸ ಇದ್ಲಾ ಅಂತ ಅತ್ತುಬಿಡ್ತಾರೆ ಅಂತ ಮೊಟ್ಟೆ ಅಂದೆ. ಆಮೇಲೆ ವರ್ಷಕ್ಕೊಂದು ಸಲ ಕೇಳೋರು, ನಾನು ಒಂದೊಂದ್ಸಲ ಒಂದೊಂದು ಹೇಳ್ತಿದ್ದೆ. ಕಾಪಿ ತೆಕ್ಕೊಂಡು ಇದನ್ನ ವಾಪಸ್ ಕಳಿಸು. ಕಳಿಸದೆ ಇದ್ರೆ ನಮ್ಮಪ್ಪ ಮೇಲಿಂದ ಇಳಿದು ರೈಲು ಹತ್ಕೊಂಡು ಬರ್ತಾರೆ, ನೋಡ್ಕೋ.”

ಅವನು ಕಡತದಿಂದ ನಲವತ್ತು ಪುಟ ತೆಗೆದು ಪಕ್ಕಕ್ಕಿಟ್ಟು, ಮ್ಯೂಸಿಯಮ್ಮಿನ ಒಂದು ಫಾರಮ್ಮನ್ನು ನನ್ನ ಮುಂದೆ ಸರಿಸಿದ. ಚಿತ್ರದ ಹೆಸರು, ನೋಡಿದ ಊರು, ವರ್ಷ ಎಲ್ಲ ತುಂಬಿತ್ತು. ಕೊನೆಯಲ್ಲಿ ‘ಮುಕ್ತಾಯ’ ಎಂದು ಒಂದು ಗೆರೆ ಖಾಲಿ ಇತ್ತು. ಅಕ್ಕತಂಗಿಯರಿಬ್ಬರೂ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ನಾನು ಬರೆದೆ: ‘ಅಪ್ಪ ಐದೂ ನಲವತ್ತರ ರೈಲು ಹತ್ತಿದ.’